ಠರಾವು ಬರೆದದ್ದು ಪಂಚಾಯತ್, ಮತ್ತೆ ಓದಿಸಬೇಕಾದವರು ನಾವು

ಹಿರಿಯೂರು ತಾಲ್ಲೂಕಿನ ಆದಿವಾಲದ ಕಡೆ ಬಂದ ಮೇಲೆ ನನ್ನ ಹೆಸರೇ ಬದಲಾಯಿತು. ಕರಾವಳಿಯಲ್ಲಿ ಎಲ್ಲರಿಗೂ ‘ಉಸ್ತಾದ್’ ಆಗಿದ್ದವನು ಇಲ್ಲಿಯ ಮುಸ್ಲಿಮರಿಗೆ ‘ಹಜ್ರತ್’ ಆದೆ, ಉಳಿದವರಿಗೆ ‘ಮೇಷ್ಟ್ರು’ ಆದೆ. ಬದಲಾದದ್ದು ಇನ್ನೂ ಒಂದಿದೆ. ಊರಲ್ಲಿ ಬಾವಿಗೆ ಕೊಡಪಾನ ಇಳಿಸಿದರೆ ನೀರು ಬರುತ್ತಿತ್ತು. ಇಲ್ಲಿ ನೀರು ಅಂದರೆ ಪಂಚಾಯತ್. ನಲ್ಲಿ ಯಾವಾಗ ಬಿಡಬೇಕು, ಎಷ್ಟು ಹೊತ್ತು ಬಿಡಬೇಕು, ತಿಂಗಳಿಗೆ ಎಷ್ಟು ಕಟ್ಟಬೇಕು, ಕಟ್ಟದಿದ್ದರೆ ಏನು, ಎಲ್ಲವೂ ಒಂದು ಪುಸ್ತಕದಲ್ಲಿ ಬರೆದ ನಿರ್ಣಯದ ಮೇಲೆ ನಿಂತಿರುತ್ತದೆ. ಆ ಪುಸ್ತಕದ ಹೆಸರು ನಡಾವಳಿ ಪುಸ್ತಕ. ನಮ್ಮ ಹಳಬರ ಬಾಯಲ್ಲಿ ಅದು ಠರಾವು ಪುಸ್ತಕ.

ಆ ಪುಸ್ತಕ ಎಷ್ಟು ಮುಖ್ಯ ಎಂದು ನನಗೆ ಗೊತ್ತಾದದ್ದು ಒಂದು ನಲ್ಲಿ ಕತ್ತರಿಸಿದ ಮೇಲೆ.

ಆದಿವಾಲಕ್ಕೆ ಬರುವ ಮೊದಲು ಇದೇ ಬಯಲುಸೀಮೆಯ ಇನ್ನೊಂದು ಹಳ್ಳಿಯಲ್ಲಿ ಮದ್ರಸ ನಡೆಸುತ್ತಿದ್ದೆ. ಆ ಪಂಚಾಯತಿನ ಹೆಸರು ಬೇಡ. ಅಲ್ಲಿಯ ಜನ ಒಳ್ಳೆಯವರೇ, ತಪ್ಪು ಎಲ್ಲ ಕಡೆ ಆಗುವಂಥದ್ದೇ. ಒಂದು ದಿನ ಸುಬ್‌ಹ್ ಮುಗಿಸಿ ಮಕ್ಕಳಿಗೆ ಪಾಠ ಶುರು ಮಾಡುವ ಹೊತ್ತಿಗೆ ನಮ್ಮ ಬೀದಿಯ ಆಪಾ ಒಬ್ಬರು ಬಾಗಿಲಲ್ಲಿ ನಿಂತಿದ್ದರು. ಗಂಡ ತೀರಿಕೊಂಡು ಎರಡು ವರ್ಷ. ಶೇಂಗಾ ಸುಲಿಯುವ ಕೂಲಿ, ಜೊತೆಗೆ ಒಬ್ಬ ಮೊಮ್ಮಗ. “ಹಜ್ರತ್, ನಮ್ಮನೆ ನಲ್ಲಿ ಕತ್ತರಿಸಿಬಿಟ್ರು. ಒಂದು ಅರ್ಜಿ ಬರ್ಕೊಡಿ” ಅಂದರು. ಕಾರಣ ಕೇಳಿದೆ. ನೀರಿನ ಶುಲ್ಕ ಮೂರು ಸಾವಿರ ಚಿಲ್ಲರೆ ಬಾಕಿ. ಅದರಲ್ಲಿ ಹೆಚ್ಚಿನದು ಗಂಡ ಕಾಯಿಲೆ ಬಿದ್ದ ಕಾಲದ್ದು.

ನಾನು ಅರ್ಜಿ ಬರೆದುಕೊಟ್ಟೆ. ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುವ ಅರ್ಜಿ. ಅದು ಕಚೇರಿಗೆ ಹೋಯಿತು, ಮೊಹರು ಬಿತ್ತು, ಕಡತದೊಳಗೆ ಮಲಗಿತು. ಆಪಾ ಸಿಸ್ಟನ್ ಹತ್ತಿರ ಸಾಲಿನಲ್ಲಿ ನಿಂತು ನೀರು ಹೊರತೊಡಗಿದರು. ಹದಿನೈದು ದಿನದ ಮೇಲೆ ನಾನೇ ಹೋಗಿ ಕೇಳಿದೆ. “ನಾವೇನ್ ಮಾಡಾಣ ಮೇಷ್ಟ್ರೇ, ಸಭೇಲಿ ಠರಾವು ಆಗೇತಿ. ಬಾಕಿ ಇದ್ದೋರ್ದು ಕತ್ತರಿಸ್ರಿ ಅಂತ” ಅಂದರು. ಸಿಟ್ಟು ಬಂತು. ಚಹಾದಂಗಡಿಯಲ್ಲಿ ಕೂತು ಪಂಚಾಯತನ್ನು ಬೈದೆ.

ಪಕ್ಕದಲ್ಲಿ ಬಿಲ್ ಕಲೆಕ್ಟರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಕೂತಿದ್ದರು. ಅವರು ಕೇಳಿದ್ದು ಒಂದೇ ಮಾತು: “ಆ ಠರಾವು ಆದಾಗ ಗ್ರಾಮ ಸಭೆ ನಡೀತಲ್ಲ, ನೀವು ಬಂದಿದ್ರಾ?”

ಬಂದಿರಲಿಲ್ಲ. ಆ ಊರಿನಲ್ಲಿದ್ದ ನಾಲ್ಕು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ.

ಅರ್ಜಿ ಬೇರೆ, ನಿಯಮ ಬೇರೆ

ಅವತ್ತು ಆ ಹಿರಿಯರು ಹೇಳಿಕೊಟ್ಟ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದು: ಅರ್ಜಿಯಿಂದ ಒಬ್ಬರ ಕೆಲಸ ಆಗಬಹುದು, ನಿಯಮ ಬದಲಾಗುವುದಿಲ್ಲ. ಕಚೇರಿಯಲ್ಲಿ ಕೂತವರು ನಿಯಮವನ್ನು ನಡೆಸುವವರು. ನಿಯಮವನ್ನು ಮಾಡಿದ್ದು ಸಭೆ. ಸಭೆ ಮಾಡಿದ್ದನ್ನು ತಿದ್ದಬೇಕಾದದ್ದೂ ಸಭೆಯೇ. ಪಿಡಿಒ ಎಷ್ಟೇ ಕರುಣೆಯ ಮನುಷ್ಯ ಆದರೂ ಸಭೆಯ ನಿರ್ಣಯವನ್ನು ತನ್ನ ಕೈಯಿಂದ ಅಳಿಸಲಾರರು.

ಎರಡನೆಯದು: ಸಭೆ ಅಂದರೆ ಒಂದೇ ಅಲ್ಲ, ಮೂರು. ನಮ್ಮಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತೇವೆ.

ವಾರ್ಡ್ ಸಭೆ ತಳದ ಮೆಟ್ಟಿಲು. ಒಂದು ವಾರ್ಡಿನ ಮತದಾರರೆಲ್ಲ ಇದರ ಸದಸ್ಯರು. ನಮ್ಮ ರಾಜ್ಯದ ಪಂಚಾಯತ್ ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಇದು ನಡೆಯಬೇಕು. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಅಥವಾ 20 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ಅಂದರೆ ಒಂದು ಬೀದಿಯ ಜನ ಮನಸ್ಸು ಮಾಡಿದರೆ ಸಾಕು.

ಗ್ರಾಮ ಸಭೆ ಅದರ ಮೇಲಿನದು. ಇಡೀ ಗ್ರಾಮ ಪಂಚಾಯತ್ ವ್ಯಾಪ್ತಿಯ ಮತದಾರರೆಲ್ಲ ಇದರ ಸದಸ್ಯರು. ಇದೂ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ನೂರಕ್ಕೆ ಹತ್ತು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು. ಎರಡೂ ಸಭೆಗಳಲ್ಲಿ ಬಂದವರ ಪೈಕಿ ನೂರಕ್ಕೆ 30ರಷ್ಟು ಹೆಂಗಸರು ಇರಬೇಕು ಎಂದು ಕಾನೂನು ಹೇಳುತ್ತದೆ. ವಾರ್ಡ್ ಸಭೆಗಳಿಂದ ಬಂದ ವಿಷಯಗಳು ಇಲ್ಲಿ ಒಟ್ಟಾಗುತ್ತವೆ.

ಮೂರನೆಯದು ಚುನಾಯಿತ ಸದಸ್ಯರು ಸೇರುವ ಪಂಚಾಯತಿನ ಸಾಮಾನ್ಯ ಸಭೆ. ಜನಸಂಖ್ಯೆಯಲ್ಲಿ ಸುಮಾರು 400 ಮಂದಿಗೆ ಒಬ್ಬರಂತೆ ಸದಸ್ಯರು. ಠರಾವು ಹುಟ್ಟುವುದು ಈ ಸಭೆಯಲ್ಲಿ. ಇಲ್ಲಿ ನಾವು ಮತ ಹಾಕುವ ಹಾಗಿಲ್ಲ, ಆದರೆ ಇಲ್ಲಿಗೆ ವಿಷಯ ಕಳಿಸುವುದು ನಮ್ಮ ಕೈಯಲ್ಲಿದೆ. ಸಾಮಾನ್ಯ ಸಭೆಗೆ ಬರುವ ಮೊದಲು ವಿಷಯವನ್ನು ಪರಿಶೀಲಿಸಲು ಸ್ಥಾಯಿ ಸಮಿತಿಗಳಿವೆ: ಉತ್ಪಾದನಾ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಸೌಕರ್ಯಗಳ ಸಮಿತಿ. ನೀರು, ರಸ್ತೆ, ದೀಪ ಇವೆಲ್ಲ ಸೌಕರ್ಯಗಳ ಸಮಿತಿಯ ಪಾಲು. ಬಡವರ, ಹೆಂಗಸರ, ಮಕ್ಕಳ ವಿಷಯ ಸಾಮಾಜಿಕ ನ್ಯಾಯ ಸಮಿತಿಯದು. ಆಪಾರ ನಲ್ಲಿ ಎರಡೂ ಸಮಿತಿಗೆ ಸೇರಿದ್ದು.

ಆರು ತಿಂಗಳ ಬೀಗ

ಇಷ್ಟು ತಿಳಿದ ಮೇಲೆ ನನಗೆ ಉತ್ಸಾಹ ಬಂತು. ನಮ್ಮ ವಾರ್ಡಿನ ಸದಸ್ಯರ ಮನೆಗೆ ಹೋಗಿ, “ಮುಂದಿನ ಸಭೆಯಲ್ಲೇ ಆ ಠರಾವು ರದ್ದು ಮಾಡಿಸಿ” ಅಂದೆ. ಅವರು ತಲೆ ಕೆರೆದುಕೊಂಡು, “ಮೇಷ್ಟ್ರೇ, ಠರಾವು ಆಗಿ ಮೂರು ತಿಂಗ್ಳೂ ಆಗಿಲ್ಲ” ಅಂದರು. ನೆಪ ಹೇಳುತ್ತಿದ್ದಾರೆ ಅಂದುಕೊಂಡೆ. ಆದರೆ ಮಾತು ನಿಜವಾಗಿತ್ತು.

ಗ್ರಾಮ ಪಂಚಾಯತ್ ಒಮ್ಮೆ ಮಾಡಿದ ನಿರ್ಣಯವನ್ನು ಆರು ತಿಂಗಳ ಒಳಗೆ ತಿದ್ದಬೇಕು ಅಥವಾ ರದ್ದು ಮಾಡಬೇಕು ಅಂದರೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಸಭೆಗೆ ಬಂದವರಲ್ಲಿ ಅಲ್ಲ, ಒಟ್ಟು ಸದಸ್ಯರಲ್ಲಿ. 21 ಸದಸ್ಯರ ಪಂಚಾಯತ್ ಆದರೆ 14 ಮಂದಿ. ಆರು ತಿಂಗಳು ಕಳೆದ ಮೇಲೆ ಸಾಮಾನ್ಯ ಬಹುಮತ ಸಾಕು.

ಮೊದಲು ನನಗೆ ಇದು ಅನ್ಯಾಯ ಅನಿಸಿತು. ಆ ನಿವೃತ್ತ ಹಿರಿಯರು ಇನ್ನೊಂದು ಕಡೆಯಿಂದ ತೋರಿಸಿದರು. “ನಾಳೆ ನಿಮ್ಮ ಬೀದಿಗೆ ದೀಪ ಹಾಕ್ಬೇಕು ಅಂತ ಠರಾವು ಆಯ್ತು ಅನ್ಕಳ್ಳಿ. ಮುಂದಿನ ತಿಂಗ್ಳು ನಾಲ್ಕು ಜನ ಸೇರಿ ಅದನ್ನ ಕಿತ್ತಾಕಂಗಿಲ್ಲ. ಆ ಬೀಗ ನಿಮ್ಗೂ ಕಾವಲು.” ಹೌದಲ್ಲ ಅನಿಸಿತು. ಮದ್ರಸದಲ್ಲಿ ನಾನೂ ವರ್ಷದ ಮಧ್ಯೆ ಪಾಠದ ವೇಳೆಯನ್ನು ಒಬ್ಬ ತಂದೆ ಬಂದು ಹೇಳಿದ ಕೂಡಲೇ ಬದಲಾಯಿಸುವುದಿಲ್ಲ. ಆದರೆ ವರ್ಷ ಮುಗಿದಾಗ ಕೂತು ನೋಡುತ್ತೇವೆ. ಪಂಚಾಯತಿಗೂ ಹಾಗೆ ಕೂತು ನೋಡುವ ಹೊತ್ತು ಬೇಕು.

ಆ ಹೊತ್ತಿಗಾಗಿ ನಾವು ಕಾದೆವು. ಸುಮ್ಮನೆ ಕಾಯಲಿಲ್ಲ. ನಡಾವಳಿಯ ಪ್ರತಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆವು. ಹತ್ತು ರೂಪಾಯಿ ಶುಲ್ಕ, 30 ದಿನದ ಅವಧಿ. ಪ್ರತಿ ಕೈಗೆ ಬಂದಾಗ ನಾನು ಕಣ್ಣರಳಿಸಿ ನೋಡಿದೆ. ಅದರಲ್ಲಿ ‘ಬಾಕಿದಾರರಿಗೆ ತಿಳಿವಳಿಕೆ ನೀಡಿ ನಂತರ’ ಎಂದಿತ್ತು. ಆಪಾರಿಗೆ ಯಾರೂ ನೋಟಿಸ್ ಕೊಟ್ಟಿರಲಿಲ್ಲ. ಅಂದರೆ ಅರ್ಧ ತಪ್ಪು ಠರಾವಿನದು, ಅರ್ಧ ತಪ್ಪು ಅದನ್ನು ನಡೆಸಿದ ರೀತಿಯದು. ಚಹಾದಂಗಡಿಯಲ್ಲಿ ನಾನು ಬೈದದ್ದರಲ್ಲಿ ಈ ಎರಡನ್ನು ಬೇರೆ ಮಾಡಿ ನೋಡಿರಲೇ ಇಲ್ಲ.

ಬಾಕಿ ಪಟ್ಟಿ ಓದಿದ ದಿನ

ವಾರ್ಡ್ ಸಭೆ ಗೊತ್ತಾಯಿತು. ಟಾಂಟಾಂ ಹೊಡೆಸಿದರು. ಮೊದಲ ದಿನ ಬಂದವರು 11 ಮಂದಿ. ಕೋರಂ ಇಲ್ಲ, ಸಭೆ ಮುಂದಕ್ಕೆ. ನೋಡಲ್ ಅಧಿಕಾರಿ ಬಂದ ದಾರಿಗೆ ಸುಂಕವಿಲ್ಲ ಎಂದು ಹೋದರು. ನಾನು ತಲೆ ತಗ್ಗಿಸಿದೆ. ಶುಕ್ರವಾರ ಇನ್ನೂರು ಜನಕ್ಕೆ ಮಾತಾಡುವವನಿಗೆ ವಾರ್ಡ್ ಸಭೆಗೆ 20 ಜನ ಕರೆತರಲು ಆಗಲಿಲ್ಲ.

ಎರಡನೇ ಸಲ ಜನ ಬಂದರು. ಅದಕ್ಕೆ ಕಾರಣ ನಾನಲ್ಲ. ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು ಮನೆಮನೆಗೆ ಹೋಗಿ, “ಇವತ್ತು ಆಪಾನ ನಲ್ಲಿ, ನಾಳೆ ನಮ್ದು” ಅಂದಿದ್ದರು. ದೇವಸ್ಥಾನದ ಕಟ್ಟೆಯ ಮೇಲೆ ಸಭೆ. ನಮ್ಮ ಬೀದಿಯ ಹೆಂಗಸರು ಬುರ್ಖಾ ಹಾಕಿಕೊಂಡು ಒಂದು ಬದಿ, ಉಳಿದ ಅಕ್ಕಂದಿರು ಇನ್ನೊಂದು ಬದಿ. ಸ್ವಲ್ಪ ಹೊತ್ತಿನಲ್ಲಿ ಬದಿಗಳೆಲ್ಲ ಬೆರೆತು ಹೋದವು, ಯಾಕೆಂದರೆ ನೀರಿನ ಕತೆ ಎಲ್ಲರದೂ ಒಂದೇ.

ಆ ಅಕ್ಕ ಎದ್ದು ನಿಂತು ಕೇಳಿದ್ದು ಇಷ್ಟೇ: “ಬಾಕಿ ಪಟ್ಟಿ ಓದ್ರಿ.” ಬೇಡಿಕೆ, ವಸೂಲಿ, ಬಾಕಿ ಎಂದು ಪ್ರತಿ ಪಂಚಾಯತಿನಲ್ಲೂ ಒಂದು ಲೆಕ್ಕ ಇರುತ್ತದೆ. ಓದಿದರು. ದೊಡ್ಡ ಬಾಕಿ ಇದ್ದದ್ದು ಶೇಂಗಾ ಸುಲಿಯುವವರದ್ದಲ್ಲ. ಎರಡು ಅಂತಸ್ತಿನ ಮನೆಗಳು, ಅಂಗಡಿ ಸಾಲು, ಅದರಲ್ಲಿ ನಮ್ಮ ಸಮುದಾಯದ ಒಂದಿಬ್ಬರ ಹೆಸರೂ ಇತ್ತು. ಅವರ ಯಾವ ನಲ್ಲಿಯೂ ಕತ್ತರಿಸಿರಲಿಲ್ಲ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಪಂಚಾಯತಿನವರ ಕಷ್ಟವನ್ನೂ ಹೇಳಬೇಕು. ಕೊಳವೆಬಾವಿಯ ಮೋಟಾರಿನ ಕರೆಂಟ್ ಬಿಲ್, ನೀರುಗಂಟಿಯ ಸಂಬಳ, ಪೈಪು ಒಡೆದರೆ ರಿಪೇರಿ, ಎಲ್ಲದಕ್ಕೂ ದುಡ್ಡು ಬೇಕು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಎಂದು ಆಗ ಕಟ್ಟುಪಾಡು ಇದ್ದರೂ ದಿನನಿತ್ಯದ ಖರ್ಚು ಊರಿನ ವಸೂಲಿಯಿಂದಲೇ ತೂಗಬೇಕಿತ್ತು. ಜಲ ಜೀವನ್ ಮಿಷನ್ 2019ರಲ್ಲಿ ಬಂದ ಮೇಲೆ ಮನೆ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕ ಬಂತು. ನಲ್ಲಿ ಹಾಕಲು ಸರ್ಕಾರ ದುಡ್ಡು ಕೊಟ್ಟಿತು. ನಲ್ಲಿಯಲ್ಲಿ ನೀರು ಬರುವಂತೆ ಇಟ್ಟುಕೊಳ್ಳುವುದು ಊರಿನ ಜವಾಬ್ದಾರಿ. ಶುಲ್ಕವೇ ಬೇಡ ಎಂದು ನಾವು ಕೇಳಿದ್ದರೆ ನಾವೇ ಸೋಲುತ್ತಿದ್ದೆವು. ಅಕ್ಕ ಹಾಗೆ ಕೇಳಲಿಲ್ಲ. “ಕಟ್ತೀವಿ. ಆದ್ರೆ ಎಲ್ರೂ ಕಟ್ಲಿ, ಕಂತಲ್ಲಿ ಕಟ್ಟಾಕೆ ಬಿಡ್ರಿ, ಕತ್ತರ್ಸೋ ಮುಂಚೆ ಕಾಗ್ದ ಕೊಡ್ರಿ” ಅಂದರು.

ಅದು ನಡಾವಳಿಗೆ ಹೋಯಿತು. ನಾನು ಮೇಷ್ಟ್ರ ಬುದ್ಧಿಯಿಂದ ಪಕ್ಕದಲ್ಲೇ ನಿಂತು ಬರೆದದ್ದನ್ನು ಓದಿಸಿದೆ. ಮೊದಲು ‘ನೀರಿನ ಬಗ್ಗೆ ಚರ್ಚಿಸಲಾಯಿತು’ ಎಂದು ಒಂದೇ ಸಾಲು ಬರೆದಿದ್ದರು. ಅದನ್ನು ಬಿಡಿಸಿ ಮೂರು ಬೇಡಿಕೆಯಾಗಿ ಬರೆಸಿ ಆಮೇಲೆ ಸಹಿ ಹಾಕಿದೆವು. ಖಾಲಿ ಜಾಗ ಬಿಟ್ಟ ಪುಟಕ್ಕೆ ಯಾರೂ ಸಹಿ ಹಾಕಬಾರದು ಎಂದು ಆ ಹಿರಿಯರು ಮೊದಲೇ ಎಚ್ಚರಿಸಿದ್ದರು.

ಅಲ್ಲಿಂದ ಗ್ರಾಮ ಸಭೆ, ಗ್ರಾಮ ಸಭೆಯಿಂದ ಸೌಕರ್ಯಗಳ ಸಮಿತಿ, ಸಮಿತಿಯಿಂದ ಸಾಮಾನ್ಯ ಸಭೆ. ಇಷ್ಟಕ್ಕೆ ಐದು ತಿಂಗಳು ಹಿಡಿಯಿತು. ಕೊನೆಗೆ ಠರಾವು ತಿದ್ದಿದರು. ಕತ್ತರಿಸುವ ಮೊದಲು ಒಂದು ತಿಂಗಳ ಲಿಖಿತ ನೋಟಿಸ್. ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ. ಮನೆಯ ಯಜಮಾನ ತೀರಿಕೊಂಡಿದ್ದರೆ ಕುಟುಂಬಕ್ಕೆ ಹೆಚ್ಚಿನ ಕಾಲಾವಕಾಶ. ಬಾಕಿ ಪಟ್ಟಿ ಸೂಚನಾ ಫಲಕದ ಮೇಲೆ. ಸಿಗದೇ ಹೋದದ್ದೂ ಇದೆ. ಇಬ್ಬರಿರುವ ಮನೆಗೂ ಹತ್ತು ಜನರ ಮನೆಗೂ ಒಂದೇ ಶುಲ್ಕ ಯಾಕೆ ಎಂಬ ಪ್ರಶ್ನೆ ಹಾಗೇ ಉಳಿಯಿತು. ಮೀಟರ್ ಇಲ್ಲದೆ ಅದು ಆಗುವುದಿಲ್ಲ ಅಂದರು. ಅದನ್ನು ಮುಂದಿನ ಬಜೆಟ್ ಸಭೆಗೆ ಬಿಟ್ಟೆವು.

ಆಪಾರ ನಲ್ಲಿಗೆ ಮತ್ತೆ ನೀರು ಬಂದಾಗ ಅವರು ಮೊಮ್ಮಗನ ಕೈಯಲ್ಲಿ ಒಂದು ಬಟ್ಟಲು ಶೇಂಗಾ ಕಳಿಸಿದ್ದರು. ಸಾಲಿನಲ್ಲಿ ನಿಂತು ಹನ್ನೊಂದು ತಿಂಗಳು ನೀರು ಹೊತ್ತದ್ದಕ್ಕೆ ಅವರ ಸೊಂಟ ಹಿಡಿದಿತ್ತು. ಮೊದಲ ದಿನವೇ ನಾನು ಸಭೆಗೆ ಹೋಗಿದ್ದರೆ ಆ ಠರಾವಿನಲ್ಲೇ ಒಂದು ಸಾಲು ಸೇರಿಸಬಹುದಿತ್ತು. ಇದನ್ನು ನೆನೆದಾಗ ಈಗಲೂ ಮನಸ್ಸಿಗೆ ಕಸಿವಿಸಿ.

ನೀರ್ ಸಾಬ್ ಇಟ್ಟ ಮೆಟ್ಟಿಲು

ಈ ಸಭೆಗಳೆಲ್ಲ ಆಕಾಶದಿಂದ ಬಿದ್ದವಲ್ಲ. ನಮ್ಮ ಸಮುದಾಯದ ಮಕ್ಕಳಿಗೆ ಒಂದು ಹೆಸರು ಗೊತ್ತಿರಬೇಕು: ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ಕುಡಿಯುವ ನೀರು ಕೊಟ್ಟದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಚಿತ್ರದುರ್ಗದಂಥ ಒಣ ಜಿಲ್ಲೆಯಲ್ಲಿ ಹಳಬರು ಇವತ್ತಿಗೂ ಆ ಹೆಸರು ಹೇಳುತ್ತಾರೆ.

ಅವರು ತಂದ 1983ರ ಕಾಯ್ದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್ ಬಂದವು. 1987ರಲ್ಲಿ ಚುನಾವಣೆ ನಡೆಯಿತು, ನೂರಕ್ಕೆ 25 ಸ್ಥಾನ ಹೆಂಗಸರಿಗೆ ಮೀಸಲಾಯಿತು. ಆಗ ಅದು ದೇಶಕ್ಕೇ ಹೊಸ ಮಾತು. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. 2015ರ ದೊಡ್ಡ ತಿದ್ದುಪಡಿಯಲ್ಲಿ ಅದರ ಹೆಸರೇ ‘ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್’ ಎಂದಾಯಿತು. ಈಗ ಪಂಚಾಯತ್ ಸ್ಥಾನಗಳಲ್ಲಿ ಅರ್ಧ ಹೆಂಗಸರಿಗೆ. ಮೈಸೂರಿನಲ್ಲಿ ಪಂಚಾಯತ್ ಸದಸ್ಯರಿಗೆ, ನೌಕರರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ನಜೀರ್ ಸಾಬರ ಹೆಸರೇ ಇದೆ.

ನೋಡಿ, ಕಾಯ್ದೆಯೇ ಇಷ್ಟು ಸಲ ತಿದ್ದಿಸಿಕೊಂಡಿದೆ. ಹಾಗಿರುವಾಗ ನಮ್ಮೂರಿನ ಒಂದು ಠರಾವು ತಿದ್ದಬಾರದ ಶಿಲಾಶಾಸನವೇ?

ವರ್ಷದಲ್ಲಿ ಯಾವ ಬಾಗಿಲು ಯಾವಾಗ ತೆರೆಯುತ್ತದೆ

ರೈತನಿಗೆ ಮಳೆ ನಕ್ಷತ್ರ ಗೊತ್ತಿರುವ ಹಾಗೆ ನಮಗೆ ಪಂಚಾಯತಿನ ವರ್ಷ ಗೊತ್ತಿರಬೇಕು.

ಆರ್ಥಿಕ ವರ್ಷ ಮುಗಿಯುವ ಮೊದಲು, ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬಜೆಟ್. ಬರುವ ವರ್ಷ ಯಾವ ಶುಲ್ಕದಿಂದ ಎಷ್ಟು ಬರುತ್ತದೆ, ಯಾವುದಕ್ಕೆ ಎಷ್ಟು ಹೋಗುತ್ತದೆ ಎಂದು ಬರೆಯುವುದು ಆಗ. ನೀರಿನ ದರ, ಕಸದ ಶುಲ್ಕ, ಸಂತೆ ಸುಂಕ ಇಂಥದ್ದರ ಬಗ್ಗೆ ಮಾತು ಎತ್ತಬೇಕಾದದ್ದು ಬಜೆಟ್ ಬರೆಯುವ ಮೊದಲು. ಏಪ್ರಿಲ್‌ನಲ್ಲಿ ಬಿಲ್ ಬಂದ ಮೇಲೆ ಗಲಾಟೆ ಮಾಡಿದರೆ ಊಟ ಮುಗಿದ ಮೇಲೆ ಉಪ್ಪು ಕೇಳಿದ ಹಾಗೆ.

ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಜಮಾಬಂದಿ. ಕಳೆದ ವರ್ಷದ ಜಮಾ ಖರ್ಚು, ಮಾಡಿದ ಕಾಮಗಾರಿ ಎಲ್ಲವನ್ನೂ ಜನರ ಮುಂದೆ ಇಟ್ಟು ತಪಾಸಣೆ ಮಾಡುವ ದಿನ. ಕಾಗದದಲ್ಲಿ ಇರುವ ಚರಂಡಿ ನೆಲದ ಮೇಲೆ ಇದೆಯೇ ಎಂದು ಕೇಳಬಹುದು. ಉದ್ಯೋಗ ಖಾತರಿ ಕೆಲಸಗಳಿಗೆ ಇದಲ್ಲದೆ ಸಾಮಾಜಿಕ ಪರಿಶೋಧನೆ ಬೇರೆ ಇದೆ. ನಿಯಮ ಸರಿಯೇ ತಪ್ಪೇ ಎಂದು ಅಳೆಯಲು ಜಮಾಬಂದಿಯ ಲೆಕ್ಕದಷ್ಟು ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ. ಒಂದು ಶುಲ್ಕ ಹಾಕಿ ವರ್ಷವಾದರೂ ವಸೂಲಿಯೇ ಆಗಿಲ್ಲ ಅಂದರೆ ಒಂದೋ ಶುಲ್ಕ ತಪ್ಪು, ಇಲ್ಲವೋ ವಸೂಲಿ ತಪ್ಪು.

ಅಕ್ಟೋಬರ್ 2ರ ಹೊತ್ತಿಗೆ ಮುಂದಿನ ವರ್ಷದ ಯೋಜನೆಯ ಮಾತು ಶುರುವಾಗುತ್ತದೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಅಂತ ಇದಕ್ಕೆ ಹೆಸರು. ಸಾಮಾನ್ಯ ಗ್ರಾಮ ಸಭೆಗೆ ಕಾಯಲು ಆಗದಂಥ ವಿಷಯ ಇದ್ದರೆ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ವಿಷಯ ಬರೆದು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಬೇಕು. ಎರಡು ವಿಶೇಷ ಸಭೆಗಳ ಮಧ್ಯೆ ಮೂರು ತಿಂಗಳು ಇರಬೇಕು ಅಷ್ಟೇ.

ಮಕ್ಕಳ ಗ್ರಾಮ ಸಭೆಯನ್ನು ಮರೆಯಬೇಡಿ. ಇದರ ಬೇರು ನಮ್ಮ ಕರಾವಳಿಯಲ್ಲೇ ಇದೆ. ಕುಂದಾಪುರ ತಾಲ್ಲೂಕಿನ ಕೆರಾಡಿಯಂಥ ಊರುಗಳಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆಯಿತು. ಕೆಲಸ ಮಾಡುವ ಮಕ್ಕಳು, ಶಾಲೆಗೆ ಹೋಗುವ ಮಕ್ಕಳು ಸೇರಿ ದೊಡ್ಡವರ ಪಂಚಾಯತಿಗೆ ತಮ್ಮ ವಿಷಯ ಹೇಳಿದರು. ಇಂದು ರಾಜ್ಯದ ಪಂಚಾಯತ್‌ಗಳಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ಮಕ್ಕಳ ಗ್ರಾಮ ಸಭೆ ಇರುತ್ತದೆ. ಶಾಲೆಯ ಮಕ್ಕಳು ಹೋಗುತ್ತಾರೆ. ನಮ್ಮ ಮದ್ರಸದ ಮಕ್ಕಳೂ ಅದೇ ಶಾಲೆಯ ಮಕ್ಕಳು. ಮಗ್ರಿಬ್ ಆದ ಮೇಲೆ ಕತ್ತಲೆ ದಾರಿಯಲ್ಲಿ ಮನೆಗೆ ಹೋಗುವ ಮಗುವಿಗಿಂತ ಚೆನ್ನಾಗಿ ಬೀದಿ ದೀಪದ ಬಗ್ಗೆ ಯಾರು ಮಾತಾಡಿಯಾರು?

ಕಸದ ವಿಷಯದಲ್ಲೂ ಕರಾವಳಿ ಕೆಲವು ದಾರಿ ತೋರಿಸಿದೆ. ಕುಂದಾಪುರ ಕಡೆಯ ವಂಡ್ಸೆ ಪಂಚಾಯತ್ ಮನೆಮನೆಯಿಂದ ಹಸಿ ಕಸ, ಒಣ ಕಸ ಬೇರೆ ಬೇರೆ ತಂದು ವಿಂಗಡಿಸುವ ಕ್ರಮವನ್ನು ಮೊದಮೊದಲಿಗೆ ಹಿಡಿದ ಹಳ್ಳಿಗಳಲ್ಲಿ ಒಂದು. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧ ಹಾಕಿತು. ದೇಶದ ಮಟ್ಟದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನಿಗೆ 2022ರ ಜುಲೈ 1ರಿಂದ ನಿಷೇಧ. ಮೇಲಿನ ನಿಯಮ ಬದಲಾದ ಹಾಗೆ ಊರಿನ ನಿಯಮವೂ ಬದಲಾಗಬೇಕು. ಹತ್ತು ವರ್ಷದ ಹಿಂದಿನ ಠರಾವಿನಲ್ಲಿ ‘ಕಸವನ್ನು ಊರ ಹೊರಗೆ ಹಾಕುವುದು’ ಎಂದಿದ್ದರೆ ಇವತ್ತು ಆ ‘ಊರ ಹೊರಗೆ’ ಯಾರದೋ ಮನೆಯ ಅಂಗಳವಾಗಿರುತ್ತದೆ.

ಮಹಲ್ಲಿನಿಂದ ಆಗಬಹುದಾದದ್ದು

ನಮ್ಮ ಜಮಾಅತುಗಳಿಗೆ ಈ ಕೆಲಸ ಹೊಸದೇನಲ್ಲ. ವರ್ಷಕ್ಕೊಮ್ಮೆ ಮಹಾಸಭೆ ಕರೆಯುತ್ತೇವೆ. ಕಾರ್ಯದರ್ಶಿ ಹಿಂದಿನ ವರ್ಷದ ವರದಿ ಓದುತ್ತಾರೆ, ಕೋಶಾಧಿಕಾರಿ ಲೆಕ್ಕ ಓದುತ್ತಾರೆ, ಹಿಂದಿನ ಸಲ ಹೇಳಿದ್ದು ಆಗಿದೆಯಾ ಎಂದು ಹಿಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ. ಮಶೂರಾ ಮಾಡಿ ನಡೆಯುವುದು ನಮಗೆ ಚಿಕ್ಕಂದಿನಿಂದ ಕಲಿಸಿದ್ದು. ಅದೇ ಅಭ್ಯಾಸವನ್ನು ನಾಲ್ಕು ಹೆಜ್ಜೆ ಆಚೆ ಪಂಚಾಯತ್ ಕಟ್ಟೆಗೆ ಒಯ್ಯಬೇಕು, ಅಷ್ಟೇ.

ವಾರ್ಡ್ ಸಭೆ, ಗ್ರಾಮ ಸಭೆಯ ದಿನವನ್ನು ಜುಮಾ ಮುಗಿದ ಮೇಲೆ ಹೇಳಬಹುದು. ಮದುವೆ, ಮಯ್ಯಿತ್ತಿನ ಸುದ್ದಿ ಹೇಳುವ ಹಾಗೆ ಒಂದು ವಾಕ್ಯ. ಮನೆಯ ಹೆಂಗಸರಿಗೂ ಹೇಳಿ ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. ನಮ್ಮ ಕೇರಿಯ ಗಂಡಸರು ಗ್ರಾಮ ಸಭೆಗೆ ಹೋಗುವುದು ಮನೆ ಮಂಜೂರಾತಿಯ ಪಟ್ಟಿ ಇದ್ದಾಗ ಮಾತ್ರ. ಪಟ್ಟಿಯಲ್ಲಿ ಹೆಸರಿದ್ದರೆ ಸಂತೋಷ, ಇಲ್ಲದಿದ್ದರೆ ಸಿಟ್ಟು, ಎರಡರಲ್ಲೂ ಚಹಾ ಕುಡಿದು ವಾಪಸ್. ಉಳಿದ ಹತ್ತು ವಿಷಯ ಓದುವಾಗ ಅಲ್ಲಿ ನಾವು ಇರುವುದಿಲ್ಲ. ನೀರು, ದಾರಿ, ದೀಪ, ಖಬರ್‌ಸ್ಥಾನಕ್ಕೆ ಹೋಗುವ ರಸ್ತೆ, ಎಲ್ಲವೂ ಇರುವುದು ಆ ಹತ್ತರಲ್ಲಿ.

ಸಭೆಗೆ ಹೋದರೆ ಕೇಳಬೇಕಾದದ್ದು ಮೂರೇ. ಹಿಂದಿನ ಸಭೆಯ ನಡಾವಳಿ ಓದಿ. ಅದರ ಅನುಪಾಲನಾ ವರದಿ ಕೊಡಿ, ಅಂದರೆ ಹೇಳಿದ್ದರಲ್ಲಿ ಏನೇನು ಆಯಿತು, ಏನೇನು ಆಗಲಿಲ್ಲ, ಯಾಕೆ. ಆಗದೇ ಇದ್ದದ್ದನ್ನು, ತೊಂದರೆ ಕೊಟ್ಟದ್ದನ್ನು ಈ ಸಲದ ಕಾರ್ಯಸೂಚಿಗೆ ಸೇರಿಸಿ. ಜೋರು ಮಾಡಬೇಕಾಗಿಲ್ಲ. ಇಷ್ಟು ಕೇಳುವವರು ಐದು ಜನ ಇದ್ದಾರೆ ಎಂದು ಗೊತ್ತಾದರೆ ಮುಂದಿನ ಸಲ ಪಂಚಾಯತಿನವರೇ ತಯಾರಾಗಿ ಬರುತ್ತಾರೆ. ಪಂಚಾಯತಿನ ಆದೇಶದಿಂದ ನಮಗೆ ನೇರ ಅನ್ಯಾಯವಾದರೆ ಮೇಲ್ಮನವಿಗೆ ತಾಲ್ಲೂಕು ಪಂಚಾಯತ್ ಇದೆ. ಆದರೆ ಊರಲ್ಲೇ ಮುಗಿಯುವುದನ್ನು ಊರಲ್ಲೇ ಮುಗಿಸುವುದು ಮೇಲು.

ಇನ್ನೊಂದು ಮಾತು, ಸ್ವಲ್ಪ ಕಹಿ. ಬಾಕಿ ಪಟ್ಟಿಯಲ್ಲಿ ನಮ್ಮ ಹೆಸರು ಇದ್ದರೆ ಮೊದಲು ಅದನ್ನು ಕಟ್ಟಿ ಹೋಗೋಣ. ಅವತ್ತು ಕಟ್ಟೆಯ ಮೇಲೆ ಆ ಹೆಸರುಗಳನ್ನು ಓದಿದಾಗ ನನ್ನ ಕಿವಿ ಬಿಸಿಯಾದದ್ದು ನನಗೆ ಮಾತ್ರ ಗೊತ್ತು. ಹಕ್ಕು ಕೇಳುವವನ ಕೈಯಲ್ಲಿ ರಶೀದಿ ಇರಬೇಕು.

ಈಗ ಆದಿವಾಲದ ಕಡೆ ಬೆಳಿಗ್ಗೆ ಪಾಠ ಮುಗಿಸಿ ಹೆದ್ದಾರಿ ಬದಿಗೆ ಬಂದರೆ ಹಿರಿಯೂರಿನ ಬಸ್ಸಿಗೆ ಕಾಯುವ ಹೆಂಗಸರ ಮಾತಿನಲ್ಲಿ ಅರ್ಧ ನೀರಿನ ಮಾತೇ. ಇದೇ ತಾಲ್ಲೂಕಿನ ವಾಣಿವಿಲಾಸ ಸಾಗರ 1933ರ ಮೇಲೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಜನ ಇವರು. ಕಾಯುವುದು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಳೆಗೆ ಕಾದ ಹಾಗೆ ಠರಾವಿಗೆ ಕಾಯಬಾರದು. ಮಳೆ ಅಲ್ಲಾಹನ ಕೈಯಲ್ಲಿದೆ, ನಡಾವಳಿ ಪುಸ್ತಕ ಪಂಚಾಯತಿನ ಬೀರುವಿನಲ್ಲಿದೆ.

ಮುಂದಿನ ವಾರ್ಡ್ ಸಭೆ ಯಾವಾಗ ಎಂದು ಇವತ್ತೇ ನಿಮ್ಮ ಸದಸ್ಯರನ್ನು ಕೇಳಿ. ದಿನ ಗೊತ್ತಾದ ಮೇಲೆ ಪಕ್ಕದ ಮನೆಯವರಿಗೂ ಹೇಳಿ. ನಾನೂ ಕೇಳಿದ್ದೇನೆ. ಈ ಸಲ ಹನ್ನೊಂದು ಜನಕ್ಕೆ ಮುಂದಕ್ಕೆ ಹೋಗುವ ಸಭೆ ಆಗಬಾರದು ಅಂತ ಮನೆಮನೆಗೆ ಹೋಗುತ್ತಿದ್ದೇನೆ.